ಬಾಡಿಗೆಗೆ ಬೆಂಗಳೂರು, ಮಿಕ್ಕಿದ್ದಕ್ಕೆಲ್ಲ ಹಳ್ಳಿ

ಬೆಂಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ ಸರಿ, ಆನೇಕಲ್ ಕಡೆಗಾಗಲಿ ಹೆಸರಘಟ್ಟದ ಕಡೆಗಾಗಲಿ, ಡಾಂಬರು ಮುಗಿದು ಮಣ್ಣು ಶುರುವಾಗುವ ತಿರುವಿನಲ್ಲಿ ಲೈಟ್ ಕಂಬಕ್ಕೆ ಒಂದು ತಗಡಿನ ಬೋರ್ಡು ಕಟ್ಟಿರುತ್ತಾರೆ. "ಪ್ರಶಾಂತ ಹಳ್ಳಿ ವಾತಾವರಣ. 2 ಬಿಎಚ್‌ಕೆ. ಕಾವೇರಿ + ಬೋರ್. ಟೆಕ್ ಪಾರ್ಕ್‌ಗೆ 15 ನಿಮಿಷ. ಫ್ಯಾಮಿಲಿಗೆ ಮಾತ್ರ." ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಕಲ್ಪನೆ ತುಂಬುವ ಪ್ರಕಾರ ಕನ್ನಡದಲ್ಲಿ ಚುಟುಕ ಬಿಟ್ಟರೆ ಇದೊಂದೇ. "ಕಾವೇರಿ + ಬೋರ್" ಎಂಬುದನ್ನೇ ನೋಡಿ. ಕಾವೇರಿ ಪೈಪು ಗೇಟಿನ ಆಚೆಗಿದೆ, ಬತ್ತಿದ ಬೋರಿನ ಕೇಸಿಂಗ್ ಗೇಟಿನ ಈಚೆಗಿದೆ, ನಡುವೆ ಇರುವ ಕೂಡಿಸುವ ಚಿಹ್ನೆಯೇ ಟ್ಯಾಂಕರು.

ಈ ಊರುಗಳಿಗೆ ಒಂದು ಅಪರೂಪದ ಶಕ್ತಿಯಿದೆ. ಕೇಳುವವರು ಯಾರು ಎಂಬುದನ್ನು ನೋಡಿಕೊಂಡು ಇವು ಹಳ್ಳಿಯಾಗುತ್ತವೆ, ಇಲ್ಲವೇ ನಗರವಾಗುತ್ತವೆ. ಬಾಡಿಗೆ ಎಷ್ಟು ಎಂದರೆ, "ಸಾರ್, ಇದು ಬೆಂಗಳೂರೇ, ಮೆಟ್ರೋ ಬರ್ತಾ ಇದೆ". ಬೀದಿ ದೀಪ ಇಲ್ಲವಲ್ಲ ಎಂದರೆ, "ಹಳ್ಳಿ ಅಂದ್ಮೇಲೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ". ಎರಡನ್ನೂ ಹೇಳುವುದು ಒಂದೇ ಬಾಯಿ, ಒಂದೇ ಮೆಟ್ಟಿಲ ಮೇಲೆ ನಿಂತು.

ಮಾಲೀಕರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಈ ವಿದ್ಯೆಯನ್ನು ಅವರು ಕಲಿತದ್ದು ಸರ್ಕಾರದಿಂದ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಮಾಡಿದರು. ಬಾಡಿಗೆ ನಗರದ್ದಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹುಟ್ಟಿದ ಮಗು ಪಿಯುಸಿಗೆ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಬೋರ್ಡುಗಳೆಲ್ಲ ಬದಲಾದವು, ಚರಂಡಿ ಮಾತ್ರ ನಿಂತಲ್ಲೇ ನಿಂತಿದೆ. ಇನ್ನು 110ರ ಪಟ್ಟಿಯ ಹೊರಗಿನ ಹಳ್ಳಿಗಳ ಪಾಡು ಬೇರೆ. ಅಲ್ಲಿ ಕಸಕ್ಕೂ ನೀರಿಗೂ ಗ್ರಾಮ ಪಂಚಾಯಿತಿಯೇ ಗತಿ. ಬಾಡಿಗೆಗೆ ಮಾತ್ರ ಪಕ್ಕದ ಅಪಾರ್ಟ್‌ಮೆಂಟಿನ ದರವೇ ಮಾನದಂಡ.

ನೀರಿನ ಲೆಕ್ಕ ಸ್ವಲ್ಪ ವಿವರವಾಗಿಯೇ ಆಗಲಿ, ಏಕೆಂದರೆ ತಮಾಷೆಯೆಲ್ಲ ಅಲ್ಲೇ ಇದೆ. ಕಾವೇರಿ ಸಂಪರ್ಕ ಪಡೆಯುವ ಖರ್ಚು ಮಾಲೀಕರದ್ದು, ಟ್ಯಾಂಕರಿನ ಖರ್ಚು ಬಾಡಿಗೆದಾರರದ್ದು. ಇಷ್ಟು ಗೊತ್ತಾದರೆ ಗೇಟಿನ ಹೊರಗಿನ ಪೈಪು ಏಕೆ ಒಳಗೆ ಬರುವುದಿಲ್ಲ ಎಂದು ಜಲಮಂಡಳಿಯನ್ನು ಕೇಳಬೇಕಾಗಿಲ್ಲ. ನಗರದ ಕುಡಿಯುವ ನೀರಿನ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕವಿದೆ. ಒಂದು ಕಟ್ಟಡದಲ್ಲಿ ಮೂರು ಬಾಡಿಗೆ ಮನೆ, ಮನೆಗೆ ನಾಲ್ವರೆಂದರೆ ದಿನಕ್ಕೆ 1,620 ಲೀಟರ್. 6,000 ಲೀಟರಿನ ಟ್ಯಾಂಕರ್ ನಾಲ್ಕು ದಿನವೂ ಪೂರ್ತಿ ಬರುವುದಿಲ್ಲ, ತಿಂಗಳಿಗೆ ಎಂಟು ಬೇಕು. 2024ರ ಬರದಲ್ಲಿ ಬೆಂಗಳೂರು ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಕಟ್ಟಿತ್ತು, ಜಿಎಸ್‌ಟಿ ಬೇರೆ. ಆ ದರದಲ್ಲೇ ಸಿಕ್ಕಿತು ಎಂದುಕೊಳ್ಳೋಣ, ಊಹಿಸಿಕೊಳ್ಳುವುದಕ್ಕೆ ಬಾಡಿಗೆಯಿಲ್ಲ. ತಿಂಗಳಿಗೆ 4,800, ಮನೆಗೆ 1,600. ದೊಡ್ಡ ಟ್ಯಾಂಕರ್ ತರಿಸಿದರೆ ಇನ್ನೂ ಅಗ್ಗ, ಆದರೆ ಅದು ಆ ಗಲ್ಲಿಯಲ್ಲಿ ತಿರುಗುವುದಿಲ್ಲ. ತಿರುಗಿದರೂ ಸಂಪು ಹಿಡಿಸುವುದಿಲ್ಲ.

ಸಂಪು ಎಂದಮೇಲೆ, ಮನೆ ನೋಡಲು ಹೋಗುವವರು ಜೇಬಿನಲ್ಲಿ ಟೇಪು ಇಟ್ಟುಕೊಂಡಿರಲಿ. "ಆರು ಸಾವಿರ ಲೀಟರ್ ಸಂಪು ಸಾರ್" ಎಂದಾಗ ಮುಚ್ಚಳ ತೆಗೆಸಿ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಆರು ಅಡಿ, ಐದು ಅಡಿ, ಐದು ಅಡಿ ಆದರೆ 4,200. ಅಂದರೆ ಆರು ಸಾವಿರದ ಟ್ಯಾಂಕರ್ ಬಂದು 4,200 ಲೀಟರ್ ಇಳಿಸಿ, ಮಿಕ್ಕ 1,800 ಲೀಟರನ್ನು ಹೊತ್ತುಕೊಂಡು ಪಕ್ಕದ ಬೀದಿಯಲ್ಲಿ ಇನ್ನೊಮ್ಮೆ ಮಾರುತ್ತದೆ. ಬಿಲ್ಲು ಮಾತ್ರ ಪೂರ್ತಿ ಆರು ಸಾವಿರಕ್ಕೆ. ಆಗ ತಿಂಗಳಿಗೆ ಎಂಟರ ಬದಲು ಹನ್ನೆರಡು ಟ್ಯಾಂಕರು, ಮನೆಗೆ 1,600ರ ಬದಲು 2,400 ರೂಪಾಯಿ. ಅದೂ ಟ್ಯಾಂಕರ್ ಬರುವ ಹೊತ್ತಿಗೆ ಸಂಪು ಒಣಗಿ ನಿಂತಿದ್ದರೆ. ತಳದಲ್ಲಿ ಒಂದಡಿ ನೀರಿದ್ದರೆ 840 ಲೀಟರ್ ಜಾಗ ಹೋಯಿತು. ಹೀಗೆ ನೀರು ಪೂರ್ತಿ ಖಾಲಿಯಾಗುವವರೆಗೂ ಟ್ಯಾಂಕರಿಗೆ ಫೋನ್ ಮಾಡದೆ ಇರುವುದೇ ಇಲ್ಲಿ ಉಳಿತಾಯದ ದಾರಿ. ಸ್ನಾನಕ್ಕೆ ಸೋಪು ಹಚ್ಚಿಕೊಂಡವರು ಈ ಉಳಿತಾಯದ ಪಾಲುದಾರರು.

ಟ್ಯಾಂಕರಿನ ನೀರು ಎಲ್ಲಿಂದ ಬರುತ್ತದೆ? ಊರಾಚೆಯ ಬೋರಿನಿಂದ. ಊರಿಗೆ ಒಳಚರಂಡಿ ಇಲ್ಲದ್ದರಿಂದ ಮನೆಯ ಹೊಲಸೆಲ್ಲ ಪಿಟ್‌ಗೆ ಇಳಿಯುತ್ತದೆ. ಸಿಮೆಂಟ್ ರಿಂಗು ಜೋಡಿಸಿ, ತಳ ತೆರೆದೇ ಬಿಟ್ಟ ಗುಂಡಿ ಅದು. ತಳ ತೆರೆದಿದ್ದರೆ ನೀರು ಇಂಗುತ್ತದೆ, ಗಾಡಿ ಕರೆಸಿ ಖಾಲಿ ಮಾಡಿಸುವ ಖರ್ಚು ಉಳಿಯುತ್ತದೆ. ಇಂಗಿದ್ದು ಅಂತರ್ಜಲಕ್ಕೆ, ಅಂತರ್ಜಲ ಬೋರಿಗೆ, ಬೋರು ಟ್ಯಾಂಕರಿಗೆ, ಟ್ಯಾಂಕರ್ ಸಂಪಿಗೆ. ನೀರಿನ ಮರುಬಳಕೆಯ ಬಗ್ಗೆ ವಿಚಾರಸಂಕಿರಣ ನಡೆಸುವವರು ಇತ್ತ ಒಮ್ಮೆ ಬಂದು ಹೋಗಬಹುದು. ಕುಡಿಯಲು ಬಾರದ ಈ ನೀರು ಗೀಸರಿನ ಕಾಯಿಲ್ ಮೇಲೆ ಸುಣ್ಣದ ಬೆಳ್ಳನೆಯ ಪದರ ಕಟ್ಟುತ್ತದೆ. ಗೀಸರ್ ಸುಟ್ಟುಹೋದರೆ ರಿಪೇರಿ ಬಾಡಿಗೆದಾರರದ್ದು, ಗೀಸರ್ ಮಾಲೀಕರದ್ದು.

ಕರೆಂಟಿಗೆ ಬನ್ನಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ, ಬಾಡಿಗೆದಾರರಿಗೂ ಉಂಟು. ಆದರೆ ಅದು ಸಿಗುವುದು ಆರ್.ಆರ್. ನಂಬರಿನ ಮೇಲೆ, ಅಂದರೆ ಬೆಸ್ಕಾಂ ಮೀಟರಿನ ಸಂಪರ್ಕ ಸಂಖ್ಯೆಯ ಮೇಲೆ. ಮೂರು ಮನೆಗೂ ಸೇರಿ ಬೆಸ್ಕಾಂ ಮೀಟರ್ ಒಂದೇ, ಉಳಿದವೆಲ್ಲ ಅಂಗಡಿಯಿಂದ ತಂದು ಹಾಕಿದ ಸಬ್ ಮೀಟರ್. ಮನೆಗೆ 90 ಯೂನಿಟ್‌ನಂತೆ ಮೂವರೂ ಮಿತವಾಗಿಯೇ ಉರಿಸಿದರೂ ಒಟ್ಟು 270 ಆಗಿ, 200ರ ಗೆರೆ ದಾಟಿ, ಪೂರ್ತಿ ಬಿಲ್ಲು ಬರುತ್ತದೆ. ಬೆಸ್ಕಾಂಗೆ ಕಟ್ಟುವುದು ಯೂನಿಟ್‌ಗೆ ಆರು ರೂಪಾಯಿ ಆಸುಪಾಸು, ಮೆಟ್ಟಿಲ ಬಳಿ ವಸೂಲಾಗುವುದು ಹತ್ತು. ನಡುವಿನ ನಾಲ್ಕು ರೂಪಾಯಿ ಯಾವ ಗ್ಯಾರಂಟಿ ಯೋಜನೆಯಲ್ಲೂ ಇಲ್ಲ, ಆದರೂ ಗ್ಯಾರಂಟಿ. ಅಡ್ವಾನ್ಸ್ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯೊಳಗಿನ ಎಂಸಿಬಿಗಳನ್ನೆಲ್ಲ ಆಫ್ ಮಾಡಿ, ಸಂಪಿನ ಮೋಟಾರ್ ಓಡುವ ಹೊತ್ತಿಗೆ ಹೋಗಿ ನಿಮ್ಮ ಸಬ್ ಮೀಟರಿನ ಕೆಂಪು ದೀಪ ನೋಡಿ. ಮಿಣುಕುತ್ತಿದ್ದರೆ ಎಲ್ಲರ ಮೋಟಾರಿನ ಪುಣ್ಯ ನಿಮ್ಮ ಖಾತೆಗೆ ಬೀಳುತ್ತಿದೆ ಎಂದರ್ಥ. ಒಂದು ಎಚ್‌ಪಿ ಮೋಟಾರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 22 ಯೂನಿಟ್, ಮೇಲೆ ಹೇಳಿದ ದರದಲ್ಲಿ 220 ರೂಪಾಯಿ.

ಆಮೇಲೆ ಅಗ್ರಿಮೆಂಟು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆದ್ದರಿಂದ ಬೆಂಗಳೂರಿನಲ್ಲಿ ವರ್ಷಕ್ಕೆ 11 ತಿಂಗಳು. ಶತಮಾನ ದಾಟಿದ ಕಾಯ್ದೆಗೆ ಇಡೀ ನಗರವೇ ಇಷ್ಟು ಚೆನ್ನಾಗಿ ಹೆದರುವುದನ್ನು ಬೇರೆಲ್ಲೂ ಕಾಣಲಾಗದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎನ್ನುತ್ತದೆ. ಅದು ಮಾದರಿ. ಮಾದರಿಯನ್ನು ಶೋಕೇಸಿನಲ್ಲಿ ಇಡುತ್ತಾರೆ, ಹತ್ತು ತಿಂಗಳ ಅಡ್ವಾನ್ಸನ್ನು ಬೀರುವಿನಲ್ಲಿ.

ಅಗ್ರಿಮೆಂಟಿನಲ್ಲಿ ಬರೆಯುವ ಬಾಡಿಗೆಯನ್ನು ಓದಿದರೆ ಊರು ಮತ್ತೆ ಹಳ್ಳಿಯಾಗಿರುತ್ತದೆ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು. ಹಾಗಾಗಿ 18,000ದ ಮನೆಗೆ ಕಾಗದದ ಮೇಲೆ 8,300. ಹನ್ನೆರಡರಿಂದ ಗುಣಿಸಿ ನೋಡಿ, 99,600. ಉಳಿದ 9,700 ಮೇಂಟೆನೆನ್ಸ್. ಏನನ್ನು ಮೇಂಟೇನ್ ಮಾಡುತ್ತಾರೆ ಎಂದು ಕೇಳಬೇಡಿ, ಮೇಂಟೇನ್ ಆಗುತ್ತಿರುವುದು ಆ ಒಂದು ಲಕ್ಷದ ಗೆರೆ. ನಷ್ಟ ವಿನಾಯಿತಿಯದಷ್ಟೇ ಎಂದುಕೊಂಡರೆ ಪೆಟ್ಟು ಬೀಳುವುದು ಇನ್ನೊಂದು ಕಡೆ. ಹತ್ತು ತಿಂಗಳ ಅಡ್ವಾನ್ಸ್ ಎಂದು ನೀವು ಕೊಟ್ಟದ್ದು 1,80,000. ಕಾಗದದ ಲೆಕ್ಕದಲ್ಲಿ ಹತ್ತು ತಿಂಗಳೆಂದರೆ 83,000. ನಗದಾಗಿ ಕೊಟ್ಟಿದ್ದರೆ ನಡುವಿನ 97,000 ರೂಪಾಯಿಗೆ ಆ ಗೋಡೆಗಳೇ ಸಾಕ್ಷಿ, ಗೋಡೆಗಳು ಮಾಲೀಕರವು. ಅದಕ್ಕೇ ಅಡ್ವಾನ್ಸಿನ ಪ್ರತಿ ರೂಪಾಯಿಯೂ ಬ್ಯಾಂಕ್ ಖಾತೆಯಿಂದಲೇ, ಮಾಲೀಕರ ಹೆಸರಿನ ಖಾತೆಗೇ, "ಮನೆ ಅಡ್ವಾನ್ಸ್" ಎಂದು ಷರಾ ಬರೆದೇ ಹೋಗಬೇಕು. ಭಾವಮೈದುನನ ಫೋನಿನ ಕ್ಯೂಆರ್ ಕೋಡಿಗೆ ಹೋದ ದುಡ್ಡು ಭಾವಮೈದುನನದ್ದು. (ತೆರಿಗೆ ಇಲಾಖೆಯವರನ್ನೂ ಇಲ್ಲಿ ನೆನೆಯಬೇಕು. ಎಚ್‌ಆರ್‌ಎ ಲೆಕ್ಕದಲ್ಲಿ ದಶಕಗಳ ಕಾಲ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಸಂಬಳದ ಶೇ 50, ಬೆಂಗಳೂರಿಗೆ ಶೇ 40. ಬೆಂಗಳೂರನ್ನೇ ಊರಾಚೆ ಇಟ್ಟವರ ಮುಂದೆ ಬೆಂಗಳೂರಿನ ಅಂಚಿನ ಬಿದರಹಳ್ಳಿ ಹೋಬಳಿಯ ಅಹವಾಲು ಎಲ್ಲಿ ಕೇಳಿಸೀತು?)

ಟೆಕ್ ಪಾರ್ಕಿಗೆ 15 ನಿಮಿಷ ಎಂಬುದು ಸುಳ್ಳಲ್ಲ, ಬೆಳಗಿನ ಜಾವ ಐದಕ್ಕೆ ಹೊರಟರೆ. ಇಪ್ಪತ್ತು ವರ್ಷದಿಂದ ನಕ್ಷೆಯ ಮೇಲೆ ಮಾತ್ರ ಓಡುತ್ತಿರುವ ಪೆರಿಫೆರಲ್ ರಿಂಗ್ ರಸ್ತೆ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸುತ್ತೇವೆಂದ ಉಪನಗರ ರೈಲು, ಇವೆರಡೂ ಇನ್ನೂ ಬಾರದಿದ್ದರೂ ಬಾಡಿಗೆಯೊಳಗೆ ಆಗಲೇ ಬಂದು ಸೇರಿವೆ. ಮೌನದ ವಿಷಯವೂ ಹೀಗೆಯೇ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ದಾಟಬಾರದೆಂದು 2000ದ ಶಬ್ದಮಾಲಿನ್ಯ ನಿಯಮವಿದೆ. ಎಂ-ಸ್ಯಾಂಡ್ ಲಾರಿಗಳಿಗೆ ಪೇಟೆಯೊಳಗೆ ಹಗಲಿನ ದಟ್ಟಣೆಯ ಹೊತ್ತು ಬಿಡುವುದಿಲ್ಲ, ಅವು ಹೆಚ್ಚಾಗಿ ಓಡುವುದೇ ರಾತ್ರಿ. ಬೋರ್ ಕೊರೆಯುವ ಲಾರಿ ಸಿಕ್ಕಾಗಲೇ ಕೊರೆಸಬೇಕು, ಸಾವಿರ ಅಡಿ ಇಳಿಸುವ ಹೊತ್ತಿಗೆ ಬೆಳಗಾಗುತ್ತದೆ. ಪ್ರಶಾಂತ ವಾತಾವರಣ ಎಂದು ಬರೆದದ್ದೂ ಸುಳ್ಳಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕರೆಂಟ್ ಹೋದಾಗ ಹಕ್ಕಿಗಳ ದನಿಯೂ ಕೇಳುತ್ತದೆ, ಬಾಡಿಗೆ ಕಟ್ಟುವವರು ಆಗ ಆಫೀಸಿನಲ್ಲಿರುತ್ತಾರೆ.

ಕೊನೆಗೆ ಖಾಲಿ ಮಾಡುವ ವಿಧಿ. ಎರಡು ತಿಂಗಳ ಮುಂಚೆ ನೋಟಿಸು, ಅದೂ ಬರಹದಲ್ಲಿ. ಬಾಯಲ್ಲಿ ಹೇಳಿದ್ದನ್ನು ಮಾಲೀಕರ ಕಿವಿ ಒಂದು ತಿಂಗಳು ತಡವಾಗಿ ಕೇಳಿಸಿಕೊಳ್ಳುತ್ತದೆ. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಈ ತಿಂಗಳು ಮಾತ್ರ ಅಗ್ರಿಮೆಂಟಿನ 8,300 ಅಲ್ಲ, ನಿಜವಾದ 18,000. ನಿಮಗಿಂತ ಮೊದಲಿದ್ದವರಿಂದಲೂ ಮುರಿದುಕೊಂಡಿದ್ದರು, ಆದರೂ ನೀವು ಬಂದ ದಿನ ಗೋಡೆಯಲ್ಲಿ ಅವರ ಕ್ಯಾಲೆಂಡರಿನ ಮೊಳೆ, ಅದರ ಸುತ್ತ ಚೌಕಾಕಾರದ ಬಿಳಿ ಗುರುತು ಹಾಗೇ ಇದ್ದವು. ಹಾಗಾಗಿ ಸಾಮಾನು ಇಳಿಸುವ ಮೊದಲೇ ಪ್ರತಿ ಕೋಣೆಯ ನಾಲ್ಕೂ ಗೋಡೆ, ಸಿಂಕಿನ ಕೆಳಭಾಗ, ಬಾತ್‌ರೂಮ್ ಬಾಗಿಲಿನ ಕೆಳತುದಿ, ಸಬ್ ಮೀಟರಿನ ರೀಡಿಂಗು, ಇಷ್ಟರ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿಡಬೇಕು. ಅವರು ನಮಸ್ಕಾರದ ಚಿತ್ರ ಕಳಿಸಿದರೂ ಸಾಕು, ನೋಡಿದ್ದಕ್ಕೆ ದಾಖಲೆಯಾಯಿತು.

ಅಡ್ವಾನ್ಸ್ ವಾಪಸ್ ಕೇಳಿದಾಗ ಬರುವ ಉತ್ತರ ಒಂದೇ: "ಹೊಸಬರು ಬಂದು ಕೊಟ್ಟ ತಕ್ಷಣ ಕೊಟ್ಬಿಡ್ತೀನಿ ಸಾರ್, ಎಲ್ಲಿ ಹೋಗುತ್ತೆ?" ಅದು ಎಲ್ಲೂ ಹೋಗಿಲ್ಲ, ನಿಮ್ಮ ತಲೆಯ ಮೇಲೆಯೇ ಇದೆ. ಎರಡು ಮಹಡಿಗೆ ಪ್ಲಾನ್ ತೆಗೆದುಕೊಂಡ ಕಟ್ಟಡಕ್ಕೆ ಮೂರನೆಯದರ ಮೋಲ್ಡ್ ಹಾಕಿದ್ದಾರೆ, ಕಬ್ಬಿಣ ಸಿಮೆಂಟಿಗೆ ಆದದ್ದು ನಿಮ್ಮ 1,80,000. ಸ್ವಾಧೀನಾನುಭವ ಪತ್ರವಿಲ್ಲದ (ಓಸಿ ಇಲ್ಲದ) ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಇಲ್ಲಿ ಅದರಿಂದ ತೊಂದರೆಯೇನಿಲ್ಲ, ಕೆಳಗಿನ ಮೀಟರಿನಿಂದ ಇನ್ನೊಂದು ಸಬ್ ಮೀಟರ್ ಎಳೆದರಾಯಿತು. ಸೆಂಟ್ರಿಂಗ್ ಬಿಚ್ಚುವ ಮೊದಲೇ ಕಂಬಕ್ಕೆ ಹೊಸ ಬೋರ್ಡು ಹೋಗಿದೆ. ಮೋಲ್ಡ್ ಮೇಲೆ ಕಟ್ಟೆ ಕಟ್ಟಿ ಕ್ಯೂರಿಂಗಿಗೆ ಎರಡು ವಾರದಿಂದ ನೀರು ನಿಲ್ಲಿಸಿದ್ದಾರೆ, ಅದೂ ಟ್ಯಾಂಕರ್ ನೀರೇ. ಈ ತಿಂಗಳ ಬಿಲ್ಲು ಎಂದಿನಂತೆ ಮೂರು ಮನೆಗೂ ಸಮಪಾಲು.