ಡೋವರಿನ ಮೊಕದ್ದಮೆ, ಲಾಲ್‌ಬಾಗಿನ ಬಂಡೆ

ನಾನು ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗಿಗೆ ಬಂದು ನೆಲೆಸುವ ಮೊದಲೇ ಇಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ಒಂದು ದೊಡ್ಡ ವಿಚಾರಣೆ ನಡೆದು ಮುಗಿದಿತ್ತು. ಹತ್ತಿರದ ಡೋವರ್ ಎಂಬ ಸಣ್ಣ ಊರಿನ ಶಾಲಾ ಮಂಡಳಿಯು 2004ರಲ್ಲಿ ಒಂದು ನಿರ್ಣಯ ಕೈಗೊಂಡಿತು. ಡಾರ್ವಿನ್ನನ ಸಿದ್ಧಾಂತದಲ್ಲಿ ಲೋಪಗಳಿವೆ, ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ರೂಪಿಸಿತೆಂಬ ವಿವರಣೆಯೂ ಇದೆ ಎಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಓದಿ ಹೇಳಬೇಕೆಂಬುದು ಅದರ ಸಾರ. ಜೀವಶಾಸ್ತ್ರದ ಶಿಕ್ಷಕರು ಅದನ್ನು ಓದಲು ನಿರಾಕರಿಸಿದರು. ಹನ್ನೊಂದು ಮಂದಿ ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು.

2005ರ ಆ ವಿಚಾರಣೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡದ್ದು ಮಂಡಳಿ ಮೆಚ್ಚಿದ ಪಠ್ಯಪುಸ್ತಕದ ಹಳೆಯ ಕರಡುಗಳ ಕಥೆ. ಜೀವಿಗಳನ್ನು ದೇವರೇ ಸೃಷ್ಟಿಸಿದನೆಂಬ ಸೃಷ್ಟಿವಾದವನ್ನು ಸರ್ಕಾರಿ ಶಾಲೆಗಳಲ್ಲಿ ಕಲಿಸುವಂತಿಲ್ಲವೆಂದು 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತ ಬೆನ್ನಲ್ಲೇ, ಕರಡಿನಲ್ಲಿದ್ದ 'ಸೃಷ್ಟಿವಾದಿಗಳು' ಎಂಬ ಪದದ ಜಾಗಕ್ಕೆ 'ವಿನ್ಯಾಸದ ಪ್ರತಿಪಾದಕರು' ಬಂದು ಕುಳಿತಿತ್ತು. ಒಂದೆಡೆಯಂತೂ ತಿದ್ದುವ ಅವಸರದಲ್ಲಿ ಎರಡೂ ಪದಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ವಿಕಾಸವಾದದ ಪರವಾಗಿ ಸಾಕ್ಷ್ಯ ನುಡಿದ ಪ್ರಮುಖ ವಿಜ್ಞಾನಿ ಕೆನೆತ್ ಮಿಲ್ಲರ್ ದೇವರನ್ನು ನಂಬುವ ಕ್ಯಾಥೊಲಿಕ್ ಎಂಬುದನ್ನೂ ಮರೆಯಬಾರದು. ಮಂಡಳಿ ಸೋತಿತು.

ನಮ್ಮವರಲ್ಲಿ ಇಂಥ ಜಗಳವಿಲ್ಲವೆಂದು ನಾನೂ ಬಹುಕಾಲ ಹೆಮ್ಮೆಪಟ್ಟವನೇ. ಡಾರ್ವಿನ್ ಹೆಸರೆತ್ತಿದರೆ ಜಯನಗರದ ನನ್ನ ಸೋದರಮಾವ "ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ಎಲ್ಲ ನಮ್ಮಲ್ಲೇ ಇದೆಯಲ್ಲೋ" ಎಂದು ಮಾತು ಮುಗಿಸುತ್ತಾರೆ. ಆದರೆ ವಿಕಾಸವೆಂಬುದು ಮೀನಿನಿಂದ ಮನುಷ್ಯನವರೆಗಿನ ಏಣಿಯಲ್ಲ, ಕವಲೊಡೆಯುತ್ತ ಹೋಗುವ ಮರ. ಅದರ ಜೀವಾಳವಾದ ನಿಸರ್ಗದ ಆಯ್ಕೆಯ, ಅಂದರೆ ಪರಿಸರಕ್ಕೆ ಹೊಂದುವ ಗುಣವುಳ್ಳವು ಹೆಚ್ಚಾಗಿ ಉಳಿದು ವಂಶ ಬೆಳೆಸುವುದರ, ಸುಳಿವೇ ದಶಾವತಾರದಲ್ಲಿಲ್ಲ. ಧರ್ಮ ಕುಸಿದಾಗ ಭಗವಂತ ಇಳಿದು ಬರುವ ಕಥೆಯನ್ನು ಜೀವಶಾಸ್ತ್ರದ ಟಿಪ್ಪಣಿಯಾಗಿಸುವುದು ಪುರಾಣಕ್ಕೂ ಮಾಡುವ ಅನ್ಯಾಯ. ಸೃಷ್ಟಿ ಹೇಗಾಯಿತೆಂಬುದು ಮೇಲಿರುವವನಿಗೆ ತಿಳಿದಿರಬಹುದು, ಇಲ್ಲವೆ ಅವನಿಗೂ ತಿಳಿಯದಿರಬಹುದು ಎಂದು ಕೈಚೆಲ್ಲುವ ಋಗ್ವೇದದ ನಾಸದೀಯ ಸೂಕ್ತದ ಧೈರ್ಯ ನಮ್ಮ ಈ ಸುಲಭದ ಸಮನ್ವಯದಲ್ಲಿ ಕಾಣುವುದಿಲ್ಲ. ವಿಜ್ಞಾನವೂ ಇಲ್ಲಿ ಅಷ್ಟೇ ಪ್ರಾಮಾಣಿಕವಾಗಿದೆ: ಅನಿಲಗಳ ಮಿಶ್ರಣದಲ್ಲಿ ವಿದ್ಯುತ್ ಕಿಡಿ ಹಾಯಿಸಿದರೆ ಅಮೈನೊ ಆಮ್ಲಗಳು ಹುಟ್ಟುತ್ತವೆಂದು 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ತೋರಿಸಿಕೊಟ್ಟರೂ, ಅಲ್ಲಿಂದ ಜೀವಕೋಶದವರೆಗಿನ ದಾರಿ ಇನ್ನೂ ಪೂರ್ತಿ ತಿಳಿದಿಲ್ಲವೆಂದು ಅದು ಒಪ್ಪಿಕೊಳ್ಳುತ್ತದೆ.

ಜಗಳವಿಲ್ಲದಿರುವುದರ ಬೆಲೆ ನನಗೆ ಅರಿವಾದದ್ದು 2023ರಲ್ಲಿ. ಪಠ್ಯದ ಹೊರೆ ಇಳಿಸುವ ನೆಪದಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಿಂದ ವಿಕಾಸದ ಭಾಗ ಮಾಯವಾಯಿತು. 'ಅನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯ ಬರೀ 'ಅನುವಂಶೀಯತೆ'ಯಾಗಿ ಉಳಿಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು ನಿಜ. ಆದರೆ ನನ್ನ ನೆಂಟರಿಷ್ಟರಲ್ಲಿ ಹತ್ತನೆಯ ತರಗತಿಯ ಮಕ್ಕಳಿದ್ದ ಯಾವ ಮನೆಯಲ್ಲೂ ಅದು ಮಾತಿನ ವಿಷಯವಾಗಲಿಲ್ಲ. ಡೋವರಿನ ಪೋಷಕರಿಗೆ ತಮ್ಮ ಮಕ್ಕಳ ಪಾಠದಲ್ಲಿ ಏನು ಸೇರಿತೆಂಬುದು ಗೊತ್ತಿತ್ತು. ನಮ್ಮವರಿಗೆ ಏನು ಹೋಯಿತೆಂಬುದೂ ಗೊತ್ತಾಗಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಮಗಳನ್ನು ಲಾಲ್‌ಬಾಗಿನ ಬಂಡೆ ತೋರಿಸಲು ಕರೆದೊಯ್ದಿದ್ದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದೆ. ಜೊತೆಗಿದ್ದ ಮಾವ, "ಸತ್ಯಯುಗದ್ದು, ಪುಟ್ಟಿ" ಎಂದರು. ಅವಳು ಫೋನಿನಲ್ಲಿ ಹುಡುಕಿ, ಸತ್ಯಯುಗಕ್ಕೆ 17,28,000 ವರ್ಷಗಳಷ್ಟೇ, ಲೆಕ್ಕ ಸರಿಹೋಗುವುದಿಲ್ಲ ತಾತ ಎಂದಳು. ಮಾವ ಕ್ಷಣವೂ ತಡಮಾಡಲಿಲ್ಲ: "ಹಾಗಾದರೆ ಕಲ್ಪ ಅಂತಿಟ್ಕೊ. ಅದಕ್ಕೆ 432 ಕೋಟಿ."