ಆಡದ ಮ್ಯಾಚಿನ ಸ್ಕೋರು

ಶನಿವಾರ ರಾತ್ರಿ ಎಂಟೂವರೆ. ಊಟ ಮುಗಿಸಿ, ಕೈ ಒರೆಸಿಕೊಂಡು, ಮೊಬೈಲ್ ತೆರೆದರೆ ಸ್ಕೋರ್ ಇರಬೇಕಾದ ಜಾಗದಲ್ಲಿ ಎರಡೇ ಅಕ್ಷರ: ಪಿ-ಪಿ. ಅಂದರೆ ಫುಟ್‌ಬಾಲ್ ಮ್ಯಾಚು ಮುಂದಕ್ಕೆ ಹೋಗಿದೆ. ಮೈದಾನ ಹೆಪ್ಪುಗಟ್ಟಿದೆಯಂತೆ.

ಜನವರಿಯಲ್ಲಿ ಸ್ಕಾಟ್ಲೆಂಡಿನ ಮಧ್ಯಾಹ್ನ ಮೂರು ಗಂಟೆ ಅಂದರೆ ನಮಗೆ ರಾತ್ರಿ ಎಂಟೂವರೆ. ಈ ಲೆಕ್ಕಕ್ಕಾಗಿ ನಮ್ಮ ಮನೆಯಲ್ಲಿ ಶನಿವಾರದ ಊಟ ಅರ್ಧ ಗಂಟೆ ಬೇಗ ಆಗುತ್ತದೆ. "ಅಲ್ಲಿ ಹಿಮ ಬಿದ್ರೆ ಇಲ್ಲಿ ಯಾಕ್ರೀ ಮುಖ ಊದಿಸ್ಕೋತೀರಾ?" ಅಂದಳು ಹೆಂಡತಿ. ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ.

ಆ ಇನ್ನೊಂದು ಪ್ರಶ್ನೆಯನ್ನು ಎಲ್ಲರೂ ಕೇಳಿಯಾಗಿದೆ. ಬೆಂಗಳೂರಿನಲ್ಲಿ ಕೂತು ಸ್ಕಾಟಿಷ್ ಲೀಗ್ ಟೂ ಯಾಕೆ? ಅದು ಮೇಲಿನಿಂದ ನಾಲ್ಕನೇ ಮೆಟ್ಟಿಲು. 10 ತಂಡ, ತಲಾ 36 ಮ್ಯಾಚು. ಅದೇ ಒಂಬತ್ತು ತಂಡಗಳ ಮುಖವನ್ನು ವರ್ಷಕ್ಕೆ ನಾಲ್ಕು ನಾಲ್ಕು ಸಲ ನೋಡಬೇಕು. ತಂಗಿಯ ಮಗ ಅಲ್ಲಿ ಓದಲು ಹೋದಾಗ ಒಂದು ಮ್ಯಾಚಿನ ಫೋಟೋ ಕಳಿಸಿದ್ದ. ಅವನು ವಾಪಸ್ ಬಂದು, ಕೆಲಸಕ್ಕೆ ಸೇರಿ, ಎಲ್ಲವನ್ನೂ ಮರೆತ. ನನಗೆ ಅಂಟಿಕೊಂಡಿತು. ನನ್ನ ತಂಡದ ಹೆಸರು ಮಾತ್ರ ಹೇಳುವುದಿಲ್ಲ. ದೃಷ್ಟಿ ತಾಗುತ್ತದೆ ಅಂತೇನೂ ಅಲ್ಲ. ಎಂಟನೇ ಸ್ಥಾನದಲ್ಲಿರುವ ತಂಡಕ್ಕೆ ಯಾರು ದೃಷ್ಟಿ ಹಾಕುತ್ತಾರೆ? ಸುಮ್ನೆ, ಹೇಳುವುದಿಲ್ಲ.

ಪಕ್ಕದ ಮನೆಯ ಹುಡುಗ ಮ್ಯಾಂಚೆಸ್ಟರ್ ಸಿಟಿಯ ಆಕಾಶನೀಲಿ ಜೆರ್ಸಿ ಹಾಕಿಕೊಂಡೇ ಟ್ಯೂಷನ್ನಿಗೆ ಹೋಗುತ್ತಾನೆ. ಒಂದು ದಿನ ಲಿಫ್ಟಿನಲ್ಲಿ ಸಿಕ್ಕಾಗ ನನ್ನ ಫೋನಿನೊಳಗೆ ಇಣುಕಿ, "ಅದು ಯಾವ ಲೀಗು ಅಂಕಲ್?" ಅಂದ. ಹೇಳಿದೆ. ಪಾಪ, ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ನಾನು ಬಿಡುತ್ತೇನಾ? ಫುಟ್‌ಬಾಲ್ ಕೋಚುಗಳಲ್ಲೇ ದೊಡ್ಡ ಹೆಸರೊಂದನ್ನು ತೆಗೆದೆ. "ಅಲೆಕ್ಸ್ ಫರ್ಗುಸನ್ ಮೊಟ್ಟಮೊದಲು ಮ್ಯಾನೇಜರ್ ಆಗಿದ್ದು ಎಲ್ಲಿ ಗೊತ್ತೇನೋ? 1974ರಲ್ಲಿ, ಈಸ್ಟ್ ಸ್ಟರ್ಲಿಂಗ್‌ಶೈರ್ ಅನ್ನುವ ಪುಟ್ಟ ತಂಡದಲ್ಲಿ" ಅಂದೆ. "ಫರ್ಗುಸನ್ ಯುನೈಟೆಡ್ ಅಲ್ವಾ ಅಂಕಲ್? ನಾನು ಸಿಟಿ" ಅಂದವನೇ ಮೂರನೇ ಮಹಡಿಯಲ್ಲಿ ಇಳಿದುಹೋದ.

ಗೆಲ್ಲುವ ತಂಡವನ್ನು ಮೆಚ್ಚುವುದಕ್ಕೆ ಏನು ಖರ್ಚು? ಹೋಗಲಿ ಬಿಡಿ. ನಾನು ಹೇಳಹೊರಟಿದ್ದು ಮುಂದೂಡಿದ ಮ್ಯಾಚಿನ ವಿಷಯ.

ಸ್ಕಾಟ್ಲೆಂಡಿನಲ್ಲಿ ಮ್ಯಾಚು ಮುಂದಕ್ಕೆ ಹಾಕುವುದರಲ್ಲೂ ದಾಖಲೆಗಳಿವೆ. 1979ರ ಚಳಿಗಾಲದಲ್ಲಿ ಇನ್ವರ್ನೆಸ್ ಥಿಸಲ್ ಮತ್ತು ಫಾಲ್ಕರ್ಕ್ ನಡುವಿನ ಸ್ಕಾಟಿಷ್ ಕಪ್ ಪಂದ್ಯ 29 ಸಲ ಮುಂದಕ್ಕೆ ಹೋಯಿತು. ಆಡುವಂತಿದೆಯೇ ಅಂತ ನೆಲ ನೋಡುವುದು, ಇಲ್ಲ ಅನ್ನುವುದು, ಇನ್ನೊಂದು ದಿನ ಗೊತ್ತುಮಾಡುವುದು. ಕೊನೆಗೆ ಫೆಬ್ರವರಿಯಲ್ಲಿ ಆಡಿದರು. ಇನ್ವರ್ನೆಸ್ 4-0ಯಿಂದ ಸೋತಿತು. ಅಷ್ಟು ಸಲ ತಪ್ಪಿಸಿಕೊಂಡಿದ್ದಕ್ಕೆ ಅರ್ಥವಿತ್ತು ಅಂತ ಆಮೇಲೆ ಗೊತ್ತಾಗಿರಬೇಕು. ಅದಕ್ಕೂ ಮೊದಲು, 1963ರಲ್ಲಿ, ಏರ್‌ಡ್ರಿ ಮತ್ತು ಸ್ಟ್ರಾನ್ರಾರ್ ನಡುವಿನ ಕಪ್ ಪಂದ್ಯ 33 ಸಲ ನಿಂತಿತ್ತು.

ಆ 1963ರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಆ ವರ್ಷ ಬ್ರಿಟನ್ನಿನಲ್ಲಿ ವಾರಗಟ್ಟಲೆ ಹಿಮ ಕರಗಲೇ ಇಲ್ಲ. ಶನಿವಾರದ ಮೇಲೆ ಶನಿವಾರ ಫುಟ್‌ಬಾಲ್ ನಿಂತುಹೋಯಿತು. ಆಟಗಾರರಿಗಿಂತ ಜಾಸ್ತಿ ಕಂಗಾಲಾದವರು ಪೂಲ್ಸ್ ಕಂಪನಿಗಳವರು. ಪೂಲ್ಸ್ ಅಂದರೆ ಚೀಟಿ ಜೂಜು. ನಮ್ಮ ಮಟ್ಕಾ ಇದ್ದ ಹಾಗೆ. ಆದರೆ ಅಲ್ಲಿ ಅದು ಕಾನೂನುಬದ್ಧ, ಚೀಟಿ ಅಂಚೆಯಲ್ಲಿ ಹೋಗುತ್ತಿತ್ತು. ಶನಿವಾರದ ಯಾವ ಯಾವ ಮ್ಯಾಚು ಡ್ರಾ ಆಗುತ್ತದೆ ಅಂತ ಊಹಿಸಿ ಗುರುತು ಹಾಕಬೇಕು. ಲಕ್ಷಾಂತರ ಮನೆಗಳಲ್ಲಿ ಇದು ವಾರದ ವ್ರತ. ಮ್ಯಾಚೇ ಇಲ್ಲದಿದ್ದರೆ ಚೀಟಿ ರದ್ದು, ಹಣ ವಾಪಸ್. ಎಷ್ಟು ವಾರ ಅಂತ ಹಣ ವಾಪಸ್ ಕೊಡುತ್ತಾರೆ?

ಕಂಪನಿಗಳು ಒಂದು ಉಪಾಯ ಮಾಡಿದವು. ಒಂದಷ್ಟು ಜನ ಬಲ್ಲವರನ್ನು ಒಂದು ಕೋಣೆಯಲ್ಲಿ ಕೂರಿಸುವುದು. ಆ ಮ್ಯಾಚು ನಡೆದಿದ್ದರೆ ಏನಾಗುತ್ತಿತ್ತು ಅಂತ ಅವರು ತೀರ್ಮಾನಿಸುವುದು. ಅದೇ ಫಲಿತಾಂಶ! 1963ರ ಜನವರಿ 26ರಂದು ಲಂಡನ್ನಿನಲ್ಲಿ ಮೊದಲ ಸಭೆ ಸೇರಿತು. ಇಂಗ್ಲೆಂಡಿಗೆ ಆಡಿದ್ದ ಟಾಮ್ ಫಿನ್ನಿ, ಟಾಮಿ ಲಾಟನ್, ಟೆಡ್ ಡ್ರೇಕ್, ಸ್ಕಾಟ್ಲೆಂಡಿನ ನಾಯಕನಾಗಿದ್ದ ಜಾರ್ಜ್ ಯಂಗ್, ರೆಫ್ರಿಯಾಗಿದ್ದ ಆರ್ಥರ್ ಎಲ್ಲಿಸ್. ಎಲ್ಲರೂ ದೊಡ್ಡ ಹೆಸರಿನವರು. ಹೊರಗೆ ಮೈದಾನಗಳ ಮೇಲೆ ಹಿಮ, ಒಳಗೆ ಇವರು "ಇದು ಡ್ರಾ, ಇದರಲ್ಲಿ ಮನೆಯಂಗಳದವರಿಗೆ ಗೆಲುವು" ಅಂತ ಹಂಚುತ್ತಾ ಕೂತಿದ್ದರು. ಫಿನ್ನಿಯಂಥ ಆಟಗಾರ ಒಂದೇ ಒಂದು ಸಲವೂ ಚೆಂಡು ಒದೆಯದೆ ಒಂದು ತಂಡವನ್ನು ಸೋಲಿಸಿ ಮನೆಗೆ ಹೋದ ದಿನ ಅದು.

ಆ ಸಮಿತಿಯ ಅಧ್ಯಕ್ಷ ಯಾರು ಗೊತ್ತೇ? ಲಾರ್ಡ್ ಬ್ರಬಜಾನ್. ಫುಟ್‌ಬಾಲ್ ಆಟಗಾರನಲ್ಲ, ವಿಮಾನ ಹಾರಿಸಿದ ಮನುಷ್ಯ. ಬ್ರಿಟನ್ನಿನಲ್ಲಿ ಒಂದನೇ ನಂಬರಿನ ಪೈಲಟ್ ಲೈಸೆನ್ಸ್ ಅವನದೇ. ಹಂದಿ ಎಂದಾದರೂ ಹಾರುತ್ತದೆಯೇ ಅಂತ ಆಗದ ಕೆಲಸದ ಬಗ್ಗೆ ಇಂಗ್ಲಿಷರು ಲೇವಡಿ ಮಾಡುತ್ತಾರಲ್ಲ, ಅದನ್ನು ಸುಳ್ಳು ಮಾಡಬೇಕು ಅಂತ 1909ರಲ್ಲಿ ಒಂದು ಹಂದಿಮರಿಯನ್ನು ಕಸದ ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯನ್ನು ವಿಮಾನದ ರೆಕ್ಕೆಗೆ ಕಟ್ಟಿ ಹಾರಿಸಿಬಿಟ್ಟ. ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದ್ದೇನೆ. ಹಂದಿಮರಿಯ ಮುಖದಲ್ಲಿ ಇತಿಹಾಸ ನಿರ್ಮಿಸಿದ ಹೆಮ್ಮೆಯೇನೂ ಕಾಣುವುದಿಲ್ಲ. ಆದರೆ ಅರ್ಧ ಶತಮಾನದ ನಂತರ, ಆಡದ ಆಟಕ್ಕೆ ಫಲಿತಾಂಶ ಕೊಡುವ ಸಮಿತಿಗೆ ಅಧ್ಯಕ್ಷ ಬೇಕು ಅಂದಾಗ, ಇಡೀ ದೇಶದಲ್ಲಿ ಇವನಿಗಿಂತ ಅರ್ಹ ಯಾರಿದ್ದರು ಹೇಳಿ?

ಆ ಸಮಿತಿ ಆಮೇಲೂ ದಶಕಗಳ ಕಾಲ ನಡೆಯಿತು. ನನಗೆ ಇದು ಎಷ್ಟು ಹಿಡಿಸಿದೆ ಅಂದರೆ, ಪಿ-ಪಿ ಬಂದ ಶನಿವಾರಗಳಲ್ಲಿ ನಾನೇ ಒಬ್ಬನೇ ಸಮಿತಿಯಾಗಿ ಕೂರುತ್ತೇನೆ. ನನ್ನ ತಂಡಕ್ಕೆ ಒಂದು ಡ್ರಾ ಕೊಡುತ್ತೇನೆ. ಗೆಲುವು ಕೊಡುವಷ್ಟು ಪಕ್ಷಪಾತಿ ನಾನಲ್ಲ.

ಮ್ಯಾಚಿಗಿಂತ ಮೊದಲೇ ಸ್ಕೋರು ಹುಟ್ಟಿದ ಉದಾಹರಣೆ ಇನ್ನೊಂದಿದೆ. ಈಸ್ಟ್ ಫೈಫ್ ಮತ್ತು ಫೋರ್ಫರ್ ಅಂತ ಎರಡು ತಂಡಗಳು. ಶನಿವಾರ ಸಂಜೆ ರೇಡಿಯೋದಲ್ಲಿ ಫಲಿತಾಂಶ ಓದುವವರ ನಾಲಿಗೆ ಹೊರಳಲಿ ಅಂತ, "ಈಸ್ಟ್ ಫೈಫ್ ಫೋರ್, ಫೋರ್ಫರ್ ಫೈವ್" ಅನ್ನುವ ಸ್ಕೋರಿಗಾಗಿ ಜನ ಕಾದರು. ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಹತ್ತಿಸಿದವರ ಸಂಬಂಧಿಕರೇ ಇರಬೇಕು. 2018ರ ಜುಲೈಯಲ್ಲಿ, ಲೀಗ್ ಕಪ್ ಪಂದ್ಯವೊಂದು 1-1ರಲ್ಲಿ ನಿಂತು ಪೆನಾಲ್ಟಿಗೆ ಹೋದಾಗ, ಅದು ನಿಜವಾಗಿಯೇ 4-5 ಆಯಿತು. ಅಂದು ಫೋರ್ಫರ್ ಗೆದ್ದಿದ್ದು ಯಾರಿಗೂ ನೆನಪಿಲ್ಲ, ಸ್ಕೋರು ನೆನಪಿದೆ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಮೊದಲೆಲ್ಲ ಈ ಕೆಳಗಿನ ಮೆಟ್ಟಿಲಿನಲ್ಲಿ ಕೊನೆಗೆ ಬಂದರೆ ಏನೂ ಆಗುತ್ತಿರಲಿಲ್ಲ. ಈಸ್ಟ್ ಸ್ಟರ್ಲಿಂಗ್‌ಶೈರ್ 2003-04ರಲ್ಲಿ 36 ಮ್ಯಾಚು ಆಡಿ ಗಳಿಸಿದ್ದು 8 ಪಾಯಿಂಟು. ಆಟಗಾರರಿಗೆ ವಾರಕ್ಕೆ 10 ಪೌಂಡು ಸಂಬಳ. ಆದರೂ ಆಗಸ್ಟಿನಲ್ಲಿ ಅದೇ ಲೀಗಿಗೆ ವಾಪಸ್ ಬಂದರು, ಮತ್ತೆ ಸೋತರು. ಯಾರಿಗೇನು ತೊಂದರೆಯಾಗಿತ್ತು? ಆಮೇಲೆ ಸುಧಾರಣೆ ಬಂತು. ಈಗ ಕೊನೆಯವರು ಕೆಳಗಿನ ಲೀಗುಗಳಿಂದ ಬಂದವರ ಜೊತೆ ಪ್ಲೇ-ಆಫ್ ಆಡಬೇಕು, ಸೋತರೆ ಹೊರಗೆ. 1900ರಲ್ಲಿ ಲೀಗು ಸೇರಿದ್ದ ಈಸ್ಟ್ ಸ್ಟರ್ಲಿಂಗ್‌ಶೈರ್ 2016ರಲ್ಲಿ ಮೊದಲಿಗೆ ಬಿತ್ತು. ಆಮೇಲೆ ಬೆರಿಕ್. 2021ರಲ್ಲಿ ಬ್ರೆಕಿನ್. ಮೈದಾನದ ಒಂದು ಬದಿಗೆ ಉದ್ದಕ್ಕೂ ಗಿಡದ ಬೇಲಿ ಬೆಳೆಸಿಕೊಂಡಿರುವ ತಂಡ ಅದು. ಅಂಥ ಬೇಲಿಯನ್ನು ಲೀಗಿನಿಂದ ಹೊರಗೆ ಕಳಿಸಲು ಮನಸ್ಸಾದರೂ ಹೇಗೆ ಬಂತು? 2022ರಲ್ಲಿ ಕೌಡನ್‌ಬೀತ್. ಅವರ ಅಡ್ಡಹೆಸರು ನೀಲಿ ಬ್ರೆಜಿಲ್. ಇಟ್ಟವರಿಗೆ ಎಷ್ಟು ಕುಹಕ ಇದ್ದಿರಬೇಕು. 2023ರಲ್ಲಿ ಆಲ್ಬಿಯನ್ ರೋವರ್ಸ್.

ಯೋಗ್ಯತೆ ಇದ್ದವರು ಮೇಲೆ ಬರಲಿ ಅನ್ನುವುದು ನ್ಯಾಯವೇ. ತಕರಾರಿಲ್ಲ. ಆದರೆ ಎಲ್ಲ ಕಡೆಯೂ ಯೋಗ್ಯತೆಯನ್ನೇ ಅಳೆಯುತ್ತಿದ್ದರೆ ನಮ್ಮಂಥವರು ಎಲ್ಲಿ ಕೂರಬೇಕು? ಆಫೀಸಿನಲ್ಲಿ ವರ್ಷಕ್ಕೊಮ್ಮೆ ಅಳೆಯುತ್ತಾರೆ, ಮಕ್ಕಳನ್ನು ತಿಂಗಳಿಗೊಮ್ಮೆ ಅಳೆಯುತ್ತಾರೆ. 8 ಪಾಯಿಂಟು ತೆಗೆದುಕೊಂಡು ನೆಮ್ಮದಿಯಾಗಿ ಇರಬಹುದಾದ ಒಂದು ಜಾಗ ಭೂಮಿಯ ಮೇಲಿತ್ತು, ಅದನ್ನೂ ಸರಿಪಡಿಸಿಬಿಟ್ಟರು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಯಾಕೆ ನೋಡುತ್ತೇನೆ ಅನ್ನುವುದು ಬಾಕಿ ಉಳಿಯಿತು. ಹೇಳಬಹುದು. ಆದರೆ ಅದಕ್ಕಿಂತ ತುರ್ತಾದ ವಿಷಯ ಒಂದಿದೆ. ಜನವರಿಯಲ್ಲಿ ನಿಂತ ಮ್ಯಾಚುಗಳು ಸಾಮಾನ್ಯವಾಗಿ ಮಂಗಳವಾರ ರಾತ್ರಿಗೆ ಹೋಗುತ್ತವೆ. ಇಲ್ಲಿ ಮಧ್ಯರಾತ್ರಿ ದಾಟಿ ಒಂದೂಕಾಲು. ನನ್ನದು ಬಿಡಿ, ಮರುದಿನ ಆಫೀಸಿನಲ್ಲಿ ತೂಕಡಿಸಿದರಾಯಿತು. ಆಟಗಾರರ ಪಾಡು ನೋಡಿ. ಎಲ್ಗಿನ್ ತಂಡದ ಊರು ಸ್ಕಾಟ್ಲೆಂಡಿನ ಈಶಾನ್ಯಕ್ಕೆ, ಸ್ಟ್ರಾನ್ರಾರ್ ನೈಋತ್ಯದ ಮೂಲೆಗೆ. ನಡುವೆ 400 ಕಿಲೋಮೀಟರಿಗೂ ಜಾಸ್ತಿ ರಸ್ತೆ. ಈ ಲೀಗಿನ ಆಟಗಾರರಲ್ಲಿ ಹೆಚ್ಚಿನವರಿಗೆ ಹಗಲು ಬೇರೆ ಕೆಲಸವಿದೆ. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಬೇಕು, ರಾತ್ರಿ ಸೋತು ಬುಧವಾರ ನಸುಕಿನಲ್ಲಿ ಮನೆ ಸೇರಬೇಕು. ಅವರಲ್ಲಿ ಯಾರಾದರೂ ಮೇಷ್ಟ್ರಿದ್ದರೆ ರಜಾ ಚೀಟಿಯಲ್ಲಿ ಏನು ಕಾರಣ ಬರೆಯುತ್ತಾರೋ, ಮತ್ತು ಹೆಡ್ಮಾಸ್ಟರು ಸ್ಟ್ರಾನ್ರಾರ್ ಅಭಿಮಾನಿಯಾಗಿದ್ದರೆ ಅದಕ್ಕೆ ಸಹಿ ಹಾಕುತ್ತಾರೋ ಇಲ್ಲವೋ.