ವಾಲ್ವ್ ಬದಲಾಯಿಸಿಕೊಂಡವನು

ನಮ್ಮ ಮನೆಯ ಆಂಪ್ಲಿಫೈಯರ್‌ನಲ್ಲಿ ಆರು ವಾಲ್ವ್‌ಗಳಿವೆ. ಹಳೇ ರೇಡಿಯೋಗಳಲ್ಲಿದ್ದಂಥ, ಬಲ್ಬಿನಂತೆ ಕಾಣುವ ಗಾಜಿನ ಕೊಳವೆಗಳು: ನಾಲ್ಕು ಇಎಲ್84 ಜಾತಿಯವು, ಎರಡು ಇಸಿಸಿ83. ಸಂಜೆ ಸ್ವಿಚ್ ಹಾಕಿದರೆ ಮೊದಲು ಒಳಗೆ ಕೆಂಡದ ಬಣ್ಣ, ಆಮೇಲೆ ಹಾಡು. ನನ್ನ ಹೆಂಡತಿ ಅದಕ್ಕೆ ಇಟ್ಟಿರುವ ಹೆಸರು ‘ಒಲೆ’. ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬರದಿದ್ದಾಗ ಪಾತ್ರೆಯನ್ನು ತಂದು ಅದರ ಪಕ್ಕ ಇಡುತ್ತಾಳೆ. ಬೆಳಿಗ್ಗೆ ಹಿಟ್ಟು ಉಕ್ಕಿರುತ್ತದೆ. ಅಷ್ಟರ ಮಟ್ಟಿಗೆ ನನ್ನ ಹವ್ಯಾಸಕ್ಕೆ ಮನೆಯಲ್ಲಿ ಮಾನ್ಯತೆ ಇದೆ.

ಒಂದು ರಾತ್ರಿ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿಕೊಂಡು ಕೂತಿದ್ದೆ. ಅವರು ತಾನ ಮುಗಿಸಿ ಉಸಿರೆಳೆದುಕೊಳ್ಳುವ ಸಂದಿನಲ್ಲಿ ಬಲಗಡೆಯ ಸ್ಪೀಕರ್ ‘ಚಿಟ್’ ಅಂತು. ತಟ್ಟೆಯ ಗೀರಿರಬೇಕು ಅಂದುಕೊಂಡೆ. ಸೂಜಿ ಎತ್ತಿದ ಮೇಲೂ ಚಿಟ್. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಮರುದಿನದಿಂದ ಹಾಡು ಕೇಳುವುದು ಬಿಟ್ಟು ‘ಚಿಟ್’ ಕೇಳಲು ಕೂತೆ.

ಬಲಗಡೆಯ ಇಸಿಸಿ83 ಮೇಲೆ ಅನುಮಾನ ಬಂತು. ಇದು ಒಂದೇ ಗಾಜಿನ ಮನೆಯಲ್ಲಿ ಎರಡು ಸಂಸಾರ ಇರುವ ವಾಲ್ವ್: ಸದ್ದು ಹಿಗ್ಗಿಸುವ ಟ್ರಯೋಡ್ ಎರಡು, ಕಾಲು ಒಂಬತ್ತು. ಅಮೆರಿಕದವರು 12ಎಎಕ್ಸ್7 ಅಂತ ಕರೆಯುವುದೂ ಇದನ್ನೇ. ಬಾಗಿಲಲ್ಲೇ ಕೂತು, ಬಂದ ಸಣ್ಣ ಸದ್ದನ್ನು ದೊಡ್ಡದು ಮಾಡಿ ಒಳಗೆ ಕಳಿಸುವುದು ಇದರ ಕೆಲಸ. ಹಾಗಾಗಿ ಇದೇ ಕೆಮ್ಮಿದರೆ ಆ ಕೆಮ್ಮೂ ದೊಡ್ಡದಾಗಿ ಸ್ಪೀಕರ್‌ವರೆಗೂ ಹೋಗುತ್ತದೆ.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆ. ಮೊದಲ ಅಂಗಡಿಯಲ್ಲಿ “ವಾಲ್ವ್ ಇದೆಯಾ?” ಅಂದರೆ “ಗೀಸರ್‌ಗಾ ಸರ್?” ಅಂದರು. ಎರಡನೆಯವರು ಪ್ಲಂಬಿಂಗ್ ಅಂಗಡಿಯ ದಾರಿ ತೋರಿಸಿದರು. ಕೊನೆಗೂ ಒಬ್ಬರು ಮೆಟ್ಟಿಲ ಕೆಳಗಿನಿಂದ ಫಾರಿನ್ ಡಬ್ಬಿಯೊಂದನ್ನು ತೆಗೆದು, ಧೂಳು ಊದಿ, 1,800 ರೂಪಾಯಿ ಅಂದರು. ಚೌಕಾಶಿ ಮಾಡಿದೆ. ಡಬ್ಬಿಯನ್ನು ವಾಪಸ್ ಒಳಗಿಡಲು ಹೋದರು. ಕೊಟ್ಟುಬಂದೆ.

ಮನೆಗೆ ಬಂದವನೇ ಸ್ವಿಚ್ ಆರಿಸಿ ಹಳೆಯದನ್ನು ಕೀಳಲು ಹೋದೆ. ಸ್ವಿಚ್ ಆರಿಸಬೇಕು ಅನ್ನುವುದು ನೆನಪಿತ್ತು, ಆರಲು ಬಿಡಬೇಕು ಅನ್ನುವುದು ನೆನಪಿರಲಿಲ್ಲ. ಪಕ್ಕದ ಇಎಲ್84 ತೋರುಬೆರಳಿಗೆ ಸರಿಯಾಗಿ ಬರೆ ಹಾಕಿತು. ಹೆಂಡತಿ ಜೇನುತುಪ್ಪ ಸವರುತ್ತಾ, “ಒಲೆ ಅಂತ ನಾನು ಸುಮ್ನೆ ಅಂದಿದ್ದಾ?” ಅಂದಳು.

ಹೊಸದು ಕೂತಿತು. ‘ಚಿಟ್’ ಅಲ್ಲೇ ಇತ್ತು! ಜೊತೆಗೆ ಕಾದ ಹಂಚಿಗೆ ನೀರು ಚಿಮುಕಿಸಿದಂಥ ‘ಸುಯ್ಯ್’. ಅದಕ್ಕಿಂತ ಹೆಚ್ಚಾಗಿ, ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿದರೆ ಸ್ಪೀಕರ್‌ನಲ್ಲಿ ದೇವರ ಮನೆಯ ಗಂಟೆ. ಒಳಗಿನ ತಂತಿಯ ಗ್ರಿಡ್ ಸಡಿಲವಿದ್ದರೆ ವಾಲ್ವೇ ಮೈಕಿನಂತಾಗಿಬಿಡುತ್ತದೆ. ಯಾರಾದರೂ ಜೋರಾಗಿ ನಡೆದರೆ ಠಣ್, ಬೀರು ಬಾಗಿಲು ಹಾಕಿದರೆ ಠಣ್. ಎಡ–ಬಲ ಅದಲುಬದಲು ಮಾಡಿ ನೋಡಿದೆ. ಸುಯ್ಯ್ ಮತ್ತು ಠಣ್ ವಾಲ್ವ್ ಹಿಂದೆಯೇ ಎಡಕ್ಕೆ ಹೋದವು, ‘ಚಿಟ್’ ಮಾತ್ರ ಬಲಗಡೆಯೇ ಉಳಿಯಿತು. ಅಂದರೆ ಮೊದಲಿನ ತಪ್ಪು ವಾಲ್ವಿನದಲ್ಲ, ಅದು ಕೂತಿದ್ದ ಸಾಕೆಟ್ಟಿನದು. ಬರೀ ಕೊಳೆ. ಸ್ವಲ್ಪ ಕ್ಲೀನರ್ ಸ್ಪ್ರೇ ಹೊಡೆದು ನಾಲ್ಕು ಸಲ ಚುಚ್ಚಿ ತೆಗೆದರೆ ಹೋಯಿತು. ಹಳೆಯ ವಾಲ್ವನ್ನೇ ಹಾಕೋಣವೆಂದು ಅದನ್ನಿಟ್ಟಿದ್ದ ಕಿಟಕಿಗೆ ಕೈಯಿಟ್ಟರೆ ಖಾಲಿ. ‘ಬಲ್ಬ್ ಹೋಗಿದೆ’ ಅಂತ ಒಣಕಸದ ಜೊತೆ ಬೆಳಿಗ್ಗೆಯೇ ಗಾಡಿ ಹತ್ತಿತ್ತು.

ಆ ದುಃಖದಲ್ಲಿರುವಾಗಲೇ ತಿಪಟೂರಿನಿಂದ ಚಿಕ್ಕಪ್ಪನ ಫೋನು.

“ಏನೋ, ದನಿ ಯಾಕೋ ಸಪ್ಪಗಿದೆ?”

“ವಾಲ್ವ್ ಬದಲಾಯ್ಸಿದೆ ಚಿಕ್ಕಪ್ಪ. ಹಳೇದ್ರಲ್ಲಿ ಒಂಚೂರು ಸದ್ದಿತ್ತು. ಹೊಸದು ಹಾಕಿದ್ಮೇಲೆ ಇನ್ನೂ ಜಾಸ್ತಿ ಆಗಿದೆ.”

ಆ ಕಡೆ ಮೌನ. ಆಮೇಲೆ, “ಖರ್ಚೆಷ್ಟಾಯ್ತೋ?”

“ಸಾವಿರದ ಎಂಟ್ನೂರು.”

“ಅಷ್ಟೇನಾ! ಅದಕ್ಕೇ ಮತ್ತೆ! ಅಗ್ಗದ್ದು ಯಾಕೋ ಹಾಕಿಸ್ಕೊಂಡೆ? ಯಾರೋ ಹಾಕಿದ್ದು?”

“ನಾನೇ. ಊಟ ಆದ್ಮೇಲೆ ಹತ್ತು ನಿಮಿಷದ ಕೆಲಸ.”

ಫೋನ್ ಕಟ್ಟಾಯಿತು.

ಮರುದಿನ ಬೆಳಿಗ್ಗೆ ಕಾಲಿಂಗ್ ಬೆಲ್. ಬಾಗಿಲು ತೆಗೆದರೆ ಚಿಕ್ಕಪ್ಪ, ಚಿಕ್ಕಮ್ಮ, ಒಂದು ಚೀಲ ಎಳನೀರು, ಒಂದು ಡಜನ್ ಮೂಸಂಬಿ. ಚಿಕ್ಕಮ್ಮನ ಕಣ್ಣು ಆಗಲೇ ಕೆಂಪಗಿತ್ತು. “ಎದ್ದು ಬಾಗಿಲು ತೆಗೀಬಾರದಿತ್ತಪ್ಪ” ಅಂದರು. ಚಿಕ್ಕಪ್ಪ ನನ್ನ ಎದೆ ನೋಡಿದರು, ಬೆರಳಿನ ಬ್ಯಾಂಡೇಜ್ ನೋಡಿದರು, ಮತ್ತೆ ಎದೆ ನೋಡಿದರು. ಈಗೆಲ್ಲ ಬೆರಳಿನಿಂದಲೇ ತೂರಿಸಿ ಮಾಡುತ್ತಾರೇನೋ ಅಂದುಕೊಂಡರಂತೆ. ಚೀಲವನ್ನು ನೆಲಕ್ಕೆ ದೊಪ್ಪನೆ ಇಟ್ಟರು.

ಸ್ಪೀಕರ್ ‘ಠಣ್ಣ್’ ಅಂತು.

“ಇದೇ ಚಿಕ್ಕಪ್ಪ ಆ ಸದ್ದು” ಅಂದೆ.

ವಿಷಯ ಗೊತ್ತಾದ ಮೇಲೆ ಚಿಕ್ಕಪ್ಪ ಬೈದದ್ದನ್ನು ಇಲ್ಲಿ ಬರೆಯಲಾಗದು. ಚಿಕ್ಕಮ್ಮ ಮಾತ್ರ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ, “ಇವನು ಚಿಕ್ಕೋನಿದ್ದಾಗ್ಲೂ ಗಡಿಯಾರ ಬಿಚ್ಚೋನು” ಅಂತ ಪಿಸುಗುಟ್ಟಿದ್ದು ಕೇಳಿಸಿತು. ಕಾಫಿ ಕುಡಿದ ಮೇಲೆ ಚಿಕ್ಕಪ್ಪನ ಸಿಟ್ಟು ಇಳಿಯಿತು. ಕನ್ನಡಕ ಹಾಕಿಕೊಂಡು ಆಂಪ್ಲಿಫೈಯರ್ ಒಳಗೆ ಇಣುಕಿದರು. “ನಮ್ಮ ದೇವಸ್ಥಾನದ ಹಳೇ ಮೈಕ್ ಸೆಟ್ಟಲ್ಲೂ ಇಂಥವೇ ಇದ್ವಲ್ಲೋ. ಅಟ್ಟದ ಮೇಲೆ ಬಿದ್ದಿದೆ.”

ಹದಿನೈದು ದಿನಕ್ಕೆ ಮತ್ತೆ ಬಂದರು. ತೆಂಗಿನಕಾಯಿಗಳ ನಡುವಿನಿಂದ ಹಳೇ ಪಂಚಾಂಗದ ಹಾಳೆಯಲ್ಲಿ ಸುತ್ತಿದ ಪೊಟ್ಟಣ ತೆಗೆದರು. ಗಾಜಿನ ಮೇಲಿನ ಅಕ್ಷರ ಮುಕ್ಕಾಲು ಅಳಿಸಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ‘ಬಿಇಎಲ್’ ಅಂತ ಕಂಡಿತು. 1954ರಲ್ಲಿ ನಮ್ಮ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ರೇಡಿಯೋ ವಾಲ್ವ್‌ಗಳನ್ನೂ ಮಾಡುತ್ತಿತ್ತು. ಮಲ್ಲೇಶ್ವರದ ನಮ್ಮ ಮನೆಗೆ ಆಟೋದಲ್ಲಿ ಬರಬಹುದಾಗಿದ್ದ ವಾಲ್ವು ತಿಪಟೂರಿಗೆ ಹೋಗಿ, ವರ್ಷಾನುಗಟ್ಟಲೆ ಸುಪ್ರಭಾತ ಹೇಳಿ, ಕಾಯಿ ಚೀಲದಲ್ಲಿ ವಾಪಸ್ ಬಂದಿತ್ತು. ಗಾಜಿನ ತುದಿಯೊಳಗಿನ ಬೆಳ್ಳಿ ಬಣ್ಣದ ಲೇಪ ಇನ್ನೂ ಹೊಳೆಯುತ್ತಿತ್ತು. ಒಳಗೆ ಗಾಳಿ ನುಗ್ಗಿದ್ದರೆ ಅದು ಬೂದಿ ಬಡಿದಂತೆ ಬೆಳ್ಳಗಾಗಿರುತ್ತದೆ.

ಹಾಕಿದೆ. ಈ ಸಲ ಆರಲು ಬಿಟ್ಟು. ಸುಯ್ಯ್ ಇಲ್ಲ, ಠಣ್ ಇಲ್ಲ. ಚಿಕ್ಕಪ್ಪ ಕಾಲು ನೆಲಕ್ಕೆ ಎರಡು ಸಲ ಬಡಿದು ಪರೀಕ್ಷಿಸಿದರು. ಮನ್ಸೂರರು ಅಲುಗಲಿಲ್ಲ.

ಹೋದ ತಿಂಗಳು ತಿಪಟೂರಿನಲ್ಲಿ ಅವರ ಮೊಮ್ಮಗಳ ಮದುವೆ. ಛತ್ರದ ಬಾಗಿಲಲ್ಲೇ ಚಿಕ್ಕಪ್ಪ ನೂರು ಜನರ ನಡುವೆ ಕೂಗಿ ಕೇಳಿದರು: “ವಾಲ್ವ್ ಹೇಗಿದ್ಯೋ ಈಗ?”

“ಸದ್ದೇ ಇಲ್ಲ ಚಿಕ್ಕಪ್ಪ!” ಅಂದೆ ಖುಷಿಯಿಂದ.

ಊಟದ ಪಂಕ್ತಿಯಲ್ಲಿ ಒಬ್ಬಟ್ಟಿನವರು ನನ್ನ ಎಲೆಯ ಮುಂದೆ ನಿಂತು ಅರ್ಧ ಮುರಿದು ಹಾಕಿದರು. ಹಿಂದೆಯೇ ತುಪ್ಪದ ಗಿಂಡಿ ಬಂತು. ಬಡಿಸುವವರು ಬಗ್ಗಿದ್ದರಷ್ಟೇ, ಪಕ್ಕದ ಎಲೆಯ ಅಪರಿಚಿತ ಯಜಮಾನರು ನನ್ನ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

“ಇವರಿಗೆ ಬೇಡಪ್ಪಾ, ಮುಂದಕ್ಕೆ ಹೋಗು. ವಾಲ್ವ್ ಹಾಕಿದ್ದಾರೆ.”